ಕೆಂಗೊರಳ ನೊಣಹಿಡುಕ: ಲಕ್ಷಣವಿಚಾರ

ಮಳೆಗಾಲವು ಹಿಂದೆಗೆದು ಶರದೃತುವು ಕಾಲಿಡುವ ಸಮಯದಲ್ಲಿ, ಕನ್ನಡನಾಡಿನ ಮಾವಿನ ತೋಪುಗಳಿಗೂ ಊರಂಚಿನ ಹುಣಿಸೆಯ ಸಾಲುಗಳಿಗೂ ಪ್ರತಿವರ್ಷವೂ ಒಂದು ಚಿಕ್ಕ ಹಕ್ಕಿಯು ಬಹುದೂರದಿಂದ ಬಂದು ಸೇರುತ್ತದೆ. ಗಾತ್ರದಲ್ಲಿ ಇದು ಗುಬ್ಬಚ್ಚಿಗಿಂತ ಕಿರಿದು. ತೂಕದಲ್ಲಿ ಸಾಮಾನ್ಯವಾಗಿ ಒಂದು ತೊಲಕ್ಕೂ ಕಡಮೆ. ಬೆನ್ನು ಮಣ್ಣಿನಂತೆ ಕಂದು, ಹೊಟ್ಟೆ ಬಿಳುಪು, ಕಣ್ಣು ದೊಡ್ಡದಾಗಿ ಕಪ್ಪಗಿದ್ದು ಅದರ ಸುತ್ತಲೂ ಸಣ್ಣದೊಂದು ಬಿಳಿಯ ಬಳೆ. ವಯಸ್ಸಿಗೆ ಬಂದ ಗಂಡಿನ ಗಲ್ಲದಿಂದ ಎದೆಯ ಮೇಲ್ಭಾಗದವರೆಗೆ ಕಾವಿಗೆ ಸಮೀಪವಾದ ಕೆಂಪು. ಈ ಕೆಂಪಿನಿಂದಲೇ ಇದಕ್ಕೆ ಹೆಸರು ಬಂದಿದೆ. ಕನ್ನಡದಲ್ಲಿ ಇದನ್ನು ಕೆಂಗೊರಳ ನೊಣಹಿಡುಕವೆನ್ನಬಹುದು. ಪಕ್ಷಿಶಾಸ್ತ್ರಜ್ಞರು ಇಟ್ಟಿರುವ ಲ್ಯಾಟಿನ್ ಸಂಜ್ಞೆ ‘ಫಿಸೆಡುಲ ಪಾರ್ವ’ ಎಂಬುದು.

ಈ ಹಕ್ಕಿಯನ್ನು ಕಾಣಬೇಕೆಂದು ಹೊರಡುವವರು ಹೆಸರನ್ನೇ ನಂಬಿ ಕೆಂಪು ಕೊರಳನ್ನು ಹುಡುಕುತ್ತಾರೆ. ಅದರ ಫಲ ಎರಡು ಬಗೆಯಾಗಿರುತ್ತದೆ. ಹತ್ತು ಹಕ್ಕಿಗಳು ಕಣ್ಣೆದುರಿಗೆ ಸುಳಿದಾಡಿದರೂ ಒಂದರ ಕೊರಳೂ ಕೆಂಪಾಗಿಲ್ಲದುದರಿಂದ ಬರಿಗೈಯಲ್ಲಿ ಹಿಂದಿರುಗುವುದು ಒಂದು. ಕೆಂಪು ಕಂಡೊಡನೆಯೇ ನಿಶ್ಚಯಮಾಡಿ, ಬೇರೊಂದು ಹಕ್ಕಿಯನ್ನು ಇದೆಂದು ಬರೆದಿಡುವುದು ಇನ್ನೊಂದು. ಮೊದಲನೆಯದರಿಂದ ನೋಡುವವನಿಗೆ ಮಾತ್ರ ನಷ್ಟ. ಎರಡನೆಯದರಿಂದ ಶಾಸ್ತ್ರಕ್ಕೂ, ಮುಂದೆ ಹೇಳುವ ಹಾಗೆ ಅಳಿವಿನಂಚಿಗೆ ಸರಿಯುತ್ತಿರುವ ಒಂದು ಪಕ್ಷಿಕುಲಕ್ಕೂ ನಷ್ಟ. ಆದುದರಿಂದ ಇದರ ನಿಜವಾದ ಲಕ್ಷಣವೇನೆಂಬುದನ್ನು ವಿಚಾರಿಸುವುದು ಅವಶ್ಯಕ.

ವಸ್ತುವಿನ ಲಕ್ಷಣವನ್ನು ಹೇಳುವವನು ಮೂರು ದೋಷಗಳನ್ನು ಪರಿಹರಿಸಬೇಕೆಂದು ನಮ್ಮ ತಾರ್ಕಿಕರು ವಿಧಿಸಿರುವರು. ತರ್ಕಸಂಗ್ರಹವನ್ನು ಓದಿದ ಬಾಲಕನಿಗೂ ಇವು ಪರಿಚಿತ. ಗೋವಿಗೆ ಕಪಿಲವರ್ಣವೇ ಲಕ್ಷಣವೆಂದರೆ ಬಿಳಿಯ ಹಸುವೂ ಕರಿಯ ಹಸುವೂ ಹೊರಗುಳಿಯುವುವು, ಇದು ಅವ್ಯಾಪ್ತಿ. ಕೊಂಬಿರುವುದೇ ಲಕ್ಷಣವೆಂದರೆ ಎಮ್ಮೆಯೂ ಗೋವಾಗಿಬಿಡುವುದು, ಇದು ಅತಿವ್ಯಾಪ್ತಿ. ಒಂಟಿಗೊರಸು ಲಕ್ಷಣವೆಂದರೆ ಯಾವ ಗೋವಿನಲ್ಲಿಯೂ ಅದು ಇಲ್ಲ, ಇದು ಅಸಂಭವ. ಕೊರಳ ಕೆಳಗೆ ಜೋಲುವ ಗಂಗೆದೊಗಲೇ ನಿರ್ದುಷ್ಟವಾದ ಲಕ್ಷಣವೆಂದು ಅವರ ನಿರ್ಣಯ. ಈ ಒರೆಗಲ್ಲಿಗೆ ನಮ್ಮ ಹಕ್ಕಿಯ ಕೆಂಪನ್ನು ಹಚ್ಚಿ ನೋಡಿದರೆ, ಮೊದಲಿನ ಎರಡು ದೋಷಗಳೂ ಅದರಲ್ಲಿ ಒಟ್ಟಿಗೆ ಇರುವುದು ತಿಳಿದುಬರುತ್ತದೆ.

ವಿಚಾರವನ್ನು ಮುಂದುವರಿಸುವ ಮುನ್ನ ಹೆಸರುಗಳನ್ನು ಕುರಿತು ಒಂದು ಮಾತು. ‘ಫಿಸೆಡುಲ’ ಎಂಬ ಲ್ಯಾಟಿನ್ ಪದವು ಅಂಜೂರದ ಹಣ್ಣನ್ನು ಹೇಳುವ ಶಬ್ದದಿಂದ ಹುಟ್ಟಿ, ಹಣ್ಣು ತಿನ್ನುವ ಒಂದು ಸಣ್ಣ ಹಕ್ಕಿಗೆ ಹಿಂದೆ ಸಲ್ಲುತ್ತಿದ್ದುದು. ಮುಖ್ಯವಾಗಿ ಹುಳುಹುಪ್ಪಟೆಗಳಿಂದ ಜೀವಿಸುವ ಹಕ್ಕಿಗಳ ಗಣಕ್ಕೆ ಅದು ಈಗ ರೂಢಿಯಾಗಿದೆ. ರೂಢಿಯು ಯೋಗಾರ್ಥವನ್ನು ನುಂಗುವುದಕ್ಕೆ ಇದೂ ಒಂದು ಉದಾಹರಣೆ. ‘ಪಾರ್ವ’ ಎಂದರೆ ಚಿಕ್ಕದು ಎಂದಿಷ್ಟೇ ಅರ್ಥ. ಹದಿನೆಂಟನೆಯ ಶತಮಾನದ ಕಡೆಯ ಭಾಗದಲ್ಲಿ ಜರ್ಮನಿಯ ಬೆಖ್‌ಸ್ಟೈನ್ ಎಂಬ ಪಂಡಿತನು ಇಟ್ಟ ಈ ಹೆಸರಿನಿಂದ ಗುರುತು ಹಿಡಿಯುವುದಕ್ಕೆ ಯಾವ ಸಹಾಯವೂ ಇಲ್ಲ. ಇದರ ಜ್ಞಾತಿಯಾದ ಪೂರ್ವದಿಕ್ಕಿನ ಹಕ್ಕಿಗೆ ೧೮೧೧ರಲ್ಲಿ ಪಲ್ಲಾಸನು ಕೊಟ್ಟ ‘ಆಲ್ಬಿಸಿಲ್ಲ’ ಎಂಬ ಹೆಸರಿಗೆ ಬಿಳಿಯ ಬಾಲವುಳ್ಳದ್ದು ಎಂದರ್ಥ. ಕೊರಳನ್ನು ಬಿಟ್ಟು ಬಾಲವನ್ನು ಹಿಡಿದ ಪಲ್ಲಾಸನ ಕಣ್ಣು ಸೂಕ್ಷ್ಮವಾದುದೆಂದು ಒಪ್ಪಲೇಬೇಕು.

ಈ ಹಕ್ಕಿಯ ತೌರು ಮಧ್ಯಯೂರೋಪಿನಿಂದ ರಷ್ಯಾದೇಶದ ಯೂರಲ್ ಪರ್ವತಪ್ರಾಂತದವರೆಗೆ ಹಬ್ಬಿದ ಕಾಡುಗಳು. ಅಲ್ಲಿ ಹಳೆಯ ಮರಗಳ ಪೊಟರೆಗಳಲ್ಲಿಯೂ ಬಿರುಕುಗಳಲ್ಲಿಯೂ ಗೂಡುಕಟ್ಟಿ ಮರಿಮಾಡಿ, ಬೇಸಗೆಯ ಕಡೆಯಲ್ಲಿ ಹೊರಟು ರಾತ್ರಿವೇಳೆ ಹಾರುತ್ತ ದಕ್ಷಿಣ ಏಷ್ಯಕ್ಕೆ ಬರುತ್ತದೆ. ಯೂರೋಪಿನ ಸಣ್ಣ ವಲಸೆಹಕ್ಕಿಗಳಲ್ಲಿ ಬಹುಪಾಲು ಚಳಿಗಾಲಕ್ಕೆ ಆಫ್ರಿಕಾಖಂಡವನ್ನು ಸೇರುವುವು. ಇದಾದರೋ ಅವುಗಳ ದಾರಿಯನ್ನು ಬಿಟ್ಟು ಆಗ್ನೇಯಕ್ಕೆ ತಿರುಗುತ್ತದೆ. ಇದರ ಪೂರ್ವಿಕರು ಏಷ್ಯದಿಂದಲೇ ಪಶ್ಚಿಮಕ್ಕೆ ಹರಡಿರಬೇಕೆಂದೂ, ಹಳೆಯ ಹಾದಿಯನ್ನು ಸಂತತಿಯು ಇನ್ನೂ ಮರೆತಿಲ್ಲವೆಂದೂ ವಿದ್ವಾಂಸರು ಊಹಿಸುವರು. ಮಾನಸಸರೋವರಕ್ಕೆ ಹೋಗುವ ಹಂಸಗಳ ಪಯಣಕ್ಕೆ ಕವಿಸಮಯದಲ್ಲಿ ಸ್ಥಾನ ದೊರೆತಿದೆ. ತೊಲದಷ್ಟೂ ತೂಗದ ಈ ಪ್ರಾಣಿಯ ಸಾವಿರಾರು ಮೈಲಿಗಳ ಪಯಣಕ್ಕೆ ದೊರೆಯದಿದ್ದುದು ಅದರ ಮಣ್ಣಿನ ಬಣ್ಣದ ದೋಷವೆನ್ನಬೇಕು.

ಈಗ ಪ್ರಕೃತಕ್ಕೆ ಬರೋಣ. ಕೆಂಪು ಕೊರಳಿನಲ್ಲಿ ಅವ್ಯಾಪ್ತಿಯು ಸ್ಪಷ್ಟವಾಗಿದೆ. ಹೆಣ್ಣಿಗೆ ಯಾವ ವಯಸ್ಸಿನಲ್ಲಿಯೂ ಈ ಕೆಂಪಿಲ್ಲ. ಅದರ ಕೊರಳು ಮಾಸಲು ಬಿಳುಪು, ಎದೆ ಕೆನೆಬಣ್ಣ. ಅದೇ ವರ್ಷ ಹುಟ್ಟಿದ ಗಂಡಿಗೂ ಇಲ್ಲ. ಮರುವರ್ಷದ ಬೇಸಗೆಯಲ್ಲಿ ತೌರಿಗೆ ಹಿಂದಿರುಗಿ ಗೂಡುಕಟ್ಟುವ ಹೊತ್ತಿಗೂ ಗಂಡು ಅನೇಕವೇಳೆ ಹೆಣ್ಣಿನ ವೇಷದಲ್ಲಿಯೇ ಇರುತ್ತದೆ. ಆಮೇಲೆ ತೋರುವ ಕೆಂಪು ವಯಸ್ಸಿನೊಡನೆ ಕೆಳಕ್ಕೆ ಹಬ್ಬುತ್ತ ಹೋಗುವುದು. ಹೀಗಿರಲಾಗಿ ನಮ್ಮ ತೋಪುಗಳಿಗೆ ಬರುವ ಹಕ್ಕಿಗಳಲ್ಲಿ ಹೆಚ್ಚಿನವು ಕೆಂಪಿಲ್ಲದವೇ ಆಗಿರುವುದರಲ್ಲಿ ಆಶ್ಚರ್ಯವಿಲ್ಲ.

ಅತಿವ್ಯಾಪ್ತಿಯೂ ಅಷ್ಟೇ ಸ್ಪಷ್ಟ. ನಮ್ಮ ನಾಡಿನಲ್ಲಿಯೇ ವರ್ಷವೆಲ್ಲ ನೆಲಸಿರುವ ನೀಲಿ ನೊಣಹಿಡುಕವೊಂದುಂಟು. ಟಿಕೆಲ್ ಎಂಬ ಆಂಗ್ಲೇಯನ ಹೆಸರು ಅದಕ್ಕೆ ಸೇರಿದೆ. ಅದರ ಬೆನ್ನು ನೀಲಿ, ಎದೆ ಕಿತ್ತಳೆಗೆಂಪು. ಬಿದಿರುಮೆಳೆಯ ಕತ್ತಲೆಯಲ್ಲಿ ನೀಲಿಯು ಕಪ್ಪಾಗಿ ಕಂಡು ಎದೆಯೊಂದೇ ಎದ್ದು ತೋರಿದಾಗ ಅವಸರದ ಕಣ್ಣು ಸೋಲುವುದು. ಇದು ಅಷ್ಟು ದೊಡ್ಡ ವಿಷಯವಲ್ಲ; ಬೆಳಕಿಗೆ ಬಂದೊಡನೆ ನೀಲಿಯು ತಾನಾಗಿಯೇ ಸತ್ಯವನ್ನು ಹೇಳುತ್ತದೆ. ಆದರೆ ಕೊರಳ ಕೆಂಪಿನಲ್ಲಿ ಪಾಲುಗಾರರಾದ ಜ್ಞಾತಿಗಳು ಇನ್ನೆರಡಿವೆ. ಅವುಗಳೊಡನೆ ಈ ಲಕ್ಷಣದ ಅತಿವ್ಯಾಪ್ತಿಯು ನಿಜವಾಗಿಯೂ ತೊಡಕಿನದು. ಅದನ್ನು ಮುಂದೆ ಬಿಡಿಸಲಾಗುವುದು.

ಮೂರನೆಯದೊಂದು ತೊಂದರೆಯೂ ಉಂಟು. ಅದು ಹಕ್ಕಿಯಲ್ಲಿಲ್ಲ, ಬೆಳಕಿನಲ್ಲಿದೆ. ದಾಸವಾಳದ ಹೂವು ಹತ್ತಿರವಿದ್ದಾಗ ಸ್ಫಟಿಕವು ಕೆಂಪಾಗಿ ತೋರುವುದೆಂದು ವೇದಾಂತಿಗಳು ಹೇಳುವ ದೃಷ್ಟಾಂತವು ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಸೂರ್ಯೋದಯದ ಎಳೆಬಿಸಿಲು ಓರೆಯಾಗಿ ಬಿದ್ದಾಗ ಹೆಣ್ಣುಹಕ್ಕಿಯ ಕೆನೆಬಣ್ಣದ ಎದೆಯು ಕಿತ್ತಳೆಯಾಗಿ ತೋರುವುದು. ಹೊತ್ತು ಏರಿ, ಹಸಿರೆಲೆಗಳಿಂದ ಸೋಸಿದ ಬೆಳಕಿನಲ್ಲಿ ಮುದಿಗಂಡಿನ ಕೆಂಪು ಕೂಡ ಮಾಸಿ ಕಂದಾಗುವುದು. ಬಣ್ಣವನ್ನು ಮಾತ್ರ ನೋಡಿ ಮಾಡಿದ ನಿಶ್ಚಯವನ್ನು ಇನ್ನೊಂದು ಬೆಳಕಿನಲ್ಲಿ ಪರೀಕ್ಷಿಸದೆ ನಂಬತಕ್ಕುದಲ್ಲ.

ಹಾಗಾದರೆ ಗೋವಿನ ಗಂಗೆದೊಗಲಿನಂತೆ ಇದಕ್ಕೆ ಇರುವುದೇನು? ಬಾಲ. ಹೆಣ್ಣಾಗಲಿ ಗಂಡಾಗಲಿ, ಮರಿಯಾಗಲಿ ಮುದಿಯಾಗಲಿ, ಈ ಹಕ್ಕಿಯ ಬಾಲವು ಒಂದೇ ಬಗೆ. ನಡುವಿನ ಗರಿಗಳು ಬುಡದಿಂದ ತುದಿಯವರೆಗೆ ಕಪ್ಪು. ಪಕ್ಕದ ಗರಿಗಳ ಬುಡ ಬಿಳುಪು, ತುದಿ ಕಪ್ಪು. ಹಕ್ಕಿಯು ಹಾರುತ್ತ ಬಾಲವನ್ನು ಅರಳಿಸಿದಾಗ, ಕರಿಯ ಕಂಬವೊಂದರ ಎರಡು ಕಡೆಗೂ ಬಿಳಿಯ ಕಿಟಕಿಗಳನ್ನಿಟ್ಟು ಕೆಳಗೆ ಕರಿಯ ಹೊಸಿಲನ್ನು ಹಾಕಿದಂತೆ ಕಾಣುವುದು. ಕುಳಿತಿರುವಾಗ ಈ ಬಿಳುಪು ಮೇಲಿನಿಂದ ಬಹುಮಟ್ಟಿಗೆ ಮುಚ್ಚಿಹೋಗಿ, ಅಂಚಿನಲ್ಲಿ ಮಾತ್ರ ಇಣಿಕುತ್ತದೆ. ಆದರೆ ಹಕ್ಕಿಯು ಬಹಳ ಹೊತ್ತು ಅದನ್ನು ಮುಚ್ಚಿಟ್ಟುಕೊಳ್ಳಲಾರದು. ಮಡಿವಾಳ ಹಕ್ಕಿಯು ಮಾಡುವಂತೆ ಬಾಲವನ್ನು ಫಕ್ಕನೆ ಮೇಲಕ್ಕೆತ್ತಿ, ಮೆಲ್ಲಗೆ ಇಳಿಸಿ, ಮರಳಿ ಎತ್ತುವುದು ಇದರ ಸ್ವಭಾವ. ಆ ವೇಳೆಯಲ್ಲಿ ರೆಕ್ಕೆಗಳು ಸ್ವಲ್ಪ ಕೆಳಕ್ಕೆ ಜೋಲುವುವು. ವರ್ಣವೂ ಚೇಷ್ಟೆಯೂ ಹೀಗೆ ಒಂದೆಡೆಯಲ್ಲಿ ಕೂಡಿರುವುದರಿಂದ ಬಾಲದ ಸಾಕ್ಷ್ಯವು ಇಮ್ಮಡಿ ಬಲವುಳ್ಳದ್ದು.

ಈ ಲಕ್ಷಣದ ಪ್ರಯೋಜನವು ಕಂದು ನೊಣಹಿಡುಕದ ಪಕ್ಕದಲ್ಲಿಟ್ಟು ನೋಡಿದಾಗ ಗೊತ್ತಾಗುತ್ತದೆ. ಅದೂ ಚಳಿಗಾಲದಲ್ಲಿ ನಮ್ಮ ತೋಪುಗಳಿಗೆ ಬರುವುದು. ಸಹ್ಯಾದ್ರಿಯ ಕೆಲವೆಡೆ ಗೂಡನ್ನೂ ಕಟ್ಟುವುದು. ಕಂದು ಬೆನ್ನು, ಬಿಳಿಯ ಹೊಟ್ಟೆ, ದೊಡ್ಡ ಕಣ್ಣು, ಕಣ್ಣಿನ ಬಳೆ, ಇವಿಷ್ಟೂ ಎರಡಕ್ಕೂ ಸಾಧಾರಣ. ಆದರೆ ಕಂದು ನೊಣಹಿಡುಕದ ಬಾಲದಲ್ಲಿ ಬಿಳುಪು ಎಳ್ಳಷ್ಟೂ ಇಲ್ಲ. ಅದು ಬರಿಯ ಕೊಂಬೆಯ ತುದಿಯಲ್ಲಿ ನೆಟ್ಟಗೆ ಕುಳಿತು, ಹುಳುವಿಗಾಗಿ ಗಾಳಿಗೆ ಚಿಮ್ಮಿ, ಎಷ್ಟೋ ಸಲ ಮೊದಲಿನ ಕೊಂಬೆಗೇ ಹಿಂದಿರುಗುವುದು. ಕೆಂಗೊರಳಿಗೆ ಅಷ್ಟು ತಾಳ್ಮೆಯಿಲ್ಲ. ಎಲೆಗಳ ನಡುವೆ ನುಸುಳಿ, ಎಲೆಯ ಅಡಿಯ ಹುಳುವನ್ನು ಕಿತ್ತು, ಒಮ್ಮೊಮ್ಮೆ ನೆಲಕ್ಕೂ ಇಳಿದು, ಮರುಕ್ಷಣದಲ್ಲಿ ಬೇರೊಂದು ಕೊಂಬೆಯಲ್ಲಿರುವುದು.

ಎರಡನೆಯ ಲಕ್ಷಣವು ಧ್ವನಿ. ಹುಡುಕುವವನಿಗೆ ಇದೇ ಮೊದಲನೆಯದೆಂದರೂ ಸಲ್ಲುತ್ತದೆ, ಏಕೆಂದರೆ ಕಣ್ಣಿಗಿಂತ ಮುಂಚೆ ಕಿವಿಗೆ ಇದು ಸಿಕ್ಕುತ್ತದೆ. ಹಾಡು ಇದಕ್ಕೆ ತೌರಿನಲ್ಲಿ ಮಾತ್ರ. ಇಲ್ಲಿ ಕೇಳಿಬರುವುದು ಸಾಮಾನ್ಯವಾಗಿ ಒಂದು ಚಿಕ್ಕ ಒಣ ಸದ್ದು. ಟಕಾರದ ಬೆನ್ನಿಗೆ ರೇಫವನ್ನು ನಾಲ್ಕಾರು ಸಲ ಉರುಳಿಸಿದರೆ ಹೇಗೋ ಹಾಗೆ: ‘ಟ್ರ್-ರ್-ರ್-ರ್’. ಗೋಡೆಗಡಿಯಾರಕ್ಕೆ ಕೀಲಿಕೊಡುವಾಗ ಹಲ್ಲುಗಳು ಒಂದೊಂದಾಗಿ ಜಾರುವ ಸದ್ದನ್ನು ಕೇಳಿದವರಿಗೆ ಇದನ್ನು ನೆನಪಿಡುವುದು ಸುಲಭ. ಸದ್ದು ಸಣ್ಣದಾದರೂ ಸ್ಪಷ್ಟ. ತೋಪಿನಲ್ಲಿ ಹಲವು ಮಾರು ದೂರದಿಂದ ಕೇಳುವುದು. ಅನೇಕವೇಳೆ ಸದ್ದಿನೊಡನೆಯೇ ಬಾಲವೂ ಮೇಲೇಳುತ್ತದೆ.

ಹುಡುಕುವ ಕಾಲವು ಸೆಪ್ಟೆಂಬರಿನ ಕಡೆಯ ದಿನಗಳಿಂದ ಮಾರ್ಚಿಯವರೆಗೆ. ತಡವಾಗಿ ಹೊರಡುವ ಹಕ್ಕಿಗಳು ಏಪ್ರಿಲಿನಲ್ಲಿಯೂ ಇರುವುದುಂಟು. ಸ್ಥಳವನ್ನು ಕುರಿತು ಹೇಳುವುದಾದರೆ, ಘೋರಾರಣ್ಯಕ್ಕೆ ಹೋಗಬೇಕಾದ ಆವಶ್ಯಕತೆಯಿಲ್ಲ. ದಟ್ಟವಾದ ಮಾವು, ಹುಣಿಸೆ, ಆಲ, ಬಿದಿರು ಇವುಗಳ ನೆರಳೂ ನಡುನಡುವೆ ಬಯಲೂ ಇದ್ದರೆ ಸಾಕು. ಹಳ್ಳಿಯ ದೇವಸ್ಥಾನದ ಹಿಂದಿನ ತೋಪು, ಕೆರೆಯ ಏರಿಯ ಕೆಳಗಣ ತೋಟ, ನದಿಯ ದಂಡೆಯ ಮರಗಳು, ಇಂಥ ಕಡೆ ನೋಡಬೇಕು. ಬೆಂಗಳೂರಿನಂಥ ದೊಡ್ಡ ಪಟ್ಟಣದ ನಡುವೆ ಕೂಡ, ೧೭೬೦ರಲ್ಲಿ ಹೈದರಾಲಿಯು ಆರಂಭಿಸಿದ ಲಾಲ್‌ಬಾಗಿನ ಹಳೆಯ ಮರಗಳಲ್ಲಿ ಚಳಿಗಾಲದ ಬೆಳಗ್ಗೆ ಇದನ್ನು ಕಾಣಬಹುದು. ನಂದಿಬೆಟ್ಟದ ಮೇಲಣ ಮರಗಳು ಚಳಿಗಾಲದ ಹಲವು ನೊಣಹಿಡುಕಗಳಿಗೆ ಪ್ರಸಿದ್ಧವಾಗಿವೆ. ಕಾಡಿಗಿಂತ ತೋಪನ್ನು ಮೆಚ್ಚುವ ಈ ಗುಣದಿಂದಲೇ ಮನೆಯ ಹಿತ್ತಿಲಿನಲ್ಲಿ ಇದ್ದುಕೊಂಡೂ ಇದು ಕಾಣದೆ ಉಳಿಯುತ್ತದೆ.

ಹುಡುಕುವ ಕ್ರಮದಲ್ಲಿ ನಡಿಗೆಗಿಂತ ನಿಲುಗಡೆಯು ಮೇಲು. ಈ ಹಕ್ಕಿಯು ಚಳಿಗಾಲದಲ್ಲಿ ಗುಂಪುಕೂಡದೆ ಒಂಟಿಯಾಗಿರುತ್ತದೆ. ಒಂದು ಮರವನ್ನೋ ನಾಲ್ಕು ಮರಗಳನ್ನೋ ತನ್ನದೆಂದು ಹಿಡಿದು, ಬೇರೆ ಕೆಂಗೊರಳು ಬಂದರೆ ಓಡಿಸುತ್ತದೆ. ಆದಕಾರಣ ಇಂದು ಕಂಡ ಮರದಲ್ಲಿ ನಾಳೆಯೂ ಕಾಣುವ ಸಂಭವ ಹೆಚ್ಚು. ಬೆಳಗಿನ ಮೊದಲ ಎರಡು ಗಂಟೆಗಳಲ್ಲಿ ತೋಪಿನ ಅಂಚಿಗೆ ಹೋಗಿ, ಬಿಸಿಲು ನೆರಳುಗಳು ಸೇರುವ ಕಡೆ ಬೆನ್ನಿಗೆ ಸೂರ್ಯನನ್ನಿಟ್ಟುಕೊಂಡು ನಿಂತು, ಕಿವಿಯನ್ನು ತೆರೆದಿಡಬೇಕು. ‘ಟ್ರ್-ರ್-ರ್’ ಎಂಬುದು ಕೇಳಿದೊಡನೆ ಅತ್ತ ನುಗ್ಗಬಾರದು. ಸದ್ದಿನ ಕಡೆ ಕಣ್ಣನ್ನಿಟ್ಟು, ಕೊಂಬೆಗಳ ಕೆಳಭಾಗದಲ್ಲಿ ಏನು ಅಲುಗುವುದೋ ಅದನ್ನು ಮೊದಲು ಬರಿಗಣ್ಣಿನಿಂದ ಹಿಡಿದು, ಆಮೇಲೆ ದುರ್ಬೀನನ್ನು ಎತ್ತಬೇಕು. ದುರ್ಬೀನಿನಿಂದಲೇ ಮರವನ್ನೆಲ್ಲ ತಡಕುವವರಿಗೆ ಎಲೆಗಳು ಮಾತ್ರ ಕಾಣುವುವು. ನೋಟ ಸಿಕ್ಕಿದಾಗ ಮೊದಲು ಬಾಲ, ಆಮೇಲೆ ಬಾಲದ ಬುಡ, ಆಮೇಲೆ ಕೊಕ್ಕು, ಕಡೆಯಲ್ಲಿ ಕೊರಳು. ಕೊರಳನ್ನು ಮೊದಲು ನೋಡಿದವರು ಉಳಿದುದನ್ನು ನೋಡುವುದಿಲ್ಲ. ಕೆಂಪು ಕಣ್ಣನ್ನು ಕಟ್ಟಿಹಾಕುತ್ತದೆ.

ಬಾಲದ ಬುಡವನ್ನು ಏಕೆ ನೋಡಬೇಕು? ಬಾಲದ ಬಿಳುಪು ಕೂಡ ಒಂದೇ ಹಕ್ಕಿಯ ಸೊತ್ತಲ್ಲ. ಕೆಂಗೊರಳು, ಪಲ್ಲಾಸನ ಆಲ್ಬಿಸಿಲ್ಲ, ಕಾಶ್ಮೀರದ ನೊಣಹಿಡುಕ, ಈ ಮೂರಕ್ಕೂ ಅದು ಸಮಾನ. ನೈಯಾಯಿಕರ ಮಾತಿನಲ್ಲಿ ಹೇಳುವುದಾದರೆ, ಬಾಲದಿಂದ ಸಾಮಾನ್ಯವು ಸಿದ್ಧಿಸುತ್ತದೆ. ವಿಶೇಷವು ಇನ್ನೂ ಉಳಿದಿದೆ.

ಆಲ್ಬಿಸಿಲ್ಲವು ಯೂರಲಿನಿಂದ ಪೂರ್ವಕ್ಕೆ ಕಾಮ್ಚಾಟ್ಕದವರೆಗೆ ಸೈಬೀರಿಯದ ಕಾಡುಗಳಲ್ಲಿ ಗೂಡುಕಟ್ಟುವ ಹಕ್ಕಿ. ಆ ಕಾಡುಗಳಿಗೆ ಟೈಗಾ ಎಂದು ಹೆಸರಿರುವುದರಿಂದ ಇದನ್ನು ಟೈಗಾ ನೊಣಹಿಡುಕವೆನ್ನುವರು. ಇದು ಚಳಿಗಾಲಕ್ಕೆ ವಂಗದೇಶ, ಅಸ್ಸಾಮು ಮತ್ತು ಅವುಗಳ ಪೂರ್ವದ ದೇಶಗಳಿಗೆ ಬರುತ್ತದೆ; ಪಶ್ಚಿಮಕ್ಕೂ ದಕ್ಷಿಣಕ್ಕೂ ಬಂದಷ್ಟು ವಿರಳವಾಗುವುದು. ಇಪ್ಪತ್ತನೆಯ ಶತಮಾನದ ಬಹುಭಾಗದಲ್ಲಿ ಪಾರ್ವವನ್ನೂ ಆಲ್ಬಿಸಿಲ್ಲವನ್ನೂ ಒಂದೇ ಜಾತಿಯ ಎರಡು ಉಪಜಾತಿಗಳೆಂದು ಎಣಿಸುತ್ತಿದ್ದರು. ಸಲೀಂ ಅಲಿಯವರು ೧೯೩೯–೪೦ರಲ್ಲಿ ಮೈಸೂರು ಸಂಸ್ಥಾನದ ಪಕ್ಷಿಗಳನ್ನು ಪರಿಶೀಲಿಸಿದಾಗಲೂ ಸ್ಥಿತಿಯು ಇದೇ ಆಗಿದ್ದಿತು. ಹಾಡು, ಗರಿಬದಲಾವಣೆಯ ಕ್ರಮ, ವಂಶವಾಹಿಗಳು ಇವುಗಳ ಪರೀಕ್ಷೆಯಿಂದ ಎರಡೂ ಬೇರೆ ಜಾತಿಗಳೆಂಬುದು ಸಾಮಾನ್ಯವಾಗಿ ಅಂಗೀಕೃತವಾದುದು ಇಪ್ಪತ್ತೊಂದನೆಯ ಶತಮಾನದ ಮೊದಲ ವರ್ಷಗಳಲ್ಲಿ.

ಇದರಿಂದ ಆದ ಒಂದು ತೊಡಕು ಗಮನಾರ್ಹವಾದುದು. ಹಿಂದಿನವರು ‘ಕೆಂಗೊರಳು ಕಂಡಿತು’ ಎಂದು ಬರೆದಿಟ್ಟ ಎಷ್ಟೋ ಟಿಪ್ಪಣಿಗಳು, ಇಂದು ನೋಡಿದರೆ, ಯಾವ ಹಕ್ಕಿಯನ್ನು ಹೇಳುತ್ತವೆಯೋ ನಿರ್ಣಯಿಸಲಾಗದಂತಿವೆ. ಬರೆದವರ ತಪ್ಪು ಇದರಲ್ಲಿಲ್ಲ. ಅವರಿಗೆ ತಿಳಿದಿದ್ದ ಭೇದವನ್ನು ಅವರು ಬರೆದರು. ಆದರೆ ಕೊರಳನ್ನು ಮಾತ್ರ ವರ್ಣಿಸಿದವರ ಟಿಪ್ಪಣಿಗಿಂತ, ಕೊಕ್ಕನ್ನೂ ಬಾಲದ ಬುಡವನ್ನೂ ವರ್ಣಿಸಿದವರ ಟಿಪ್ಪಣಿಯು ಇಂದಿಗೂ ಪ್ರಯೋಜನಕ್ಕೆ ಬರುತ್ತದೆ. ವಸ್ತುಸಂಗ್ರಹಾಲಯಗಳಲ್ಲಿ ಕಾಪಿಟ್ಟ ಹಳೆಯ ಚರ್ಮಗಳನ್ನಂತೂ ಮತ್ತೆ ತೆಗೆದು ಪರೀಕ್ಷಿಸಬಹುದು.

ಇವೆರಡರ ಭೇದವು ಹೀಗೆ. ಬಾಲದ ಬುಡವನ್ನು ಮೇಲಿನಿಂದ ಮುಚ್ಚುವ ಸಣ್ಣ ಗರಿಗಳು ಆಲ್ಬಿಸಿಲ್ಲದಲ್ಲಿ ಕಾಡಿಗೆಗಪ್ಪು. ಬಾಲಕ್ಕಿಂತಲೂ ಹೆಚ್ಚು ಕಪ್ಪು. ಪಾರ್ವದಲ್ಲಿ ಅವು ಬಾಲಕ್ಕಿಂತ ಕಪ್ಪಾಗಿರುವುದಿಲ್ಲ. ಬೆನ್ನಿನ ಕಂದು ಬಣ್ಣವು ಬಾಲದ ಕಪ್ಪಿಗೆ ತಿರುಗುವ ನಡುವಣ ಛಾಯೆಯಲ್ಲಿರುವುವು. ಆಲ್ಬಿಸಿಲ್ಲದ ಕೊಕ್ಕು ಪೂರ್ತಿಯಾಗಿ ಕಪ್ಪೆಂದೇ ತೋರುವುದು. ಪಾರ್ವದ ಕೊಕ್ಕಿನ ಕೆಳದಳದ ಬುಡವು ತಿಳಿಯಾದ ಮಾಂಸವರ್ಣ. ಎದೆಯು ಒಂದರಲ್ಲಿ ಬೂದಿಯ ಕಡೆಗೂ ಇನ್ನೊಂದರಲ್ಲಿ ಕೆನೆಯ ಕಡೆಗೂ ವಾಲಿರುತ್ತದೆ, ಆದರೆ ಬೆಳಕಿನ ವಿಷಯವಾಗಿ ಮೇಲೆ ಹೇಳಿದುದನ್ನು ಇಲ್ಲಿ ಮರೆಯಬಾರದು. ಸದ್ದಿನಲ್ಲಿಯೂ ಅಂತರವುಂಟು. ಪಾರ್ವದ ಸದ್ದಿನಲ್ಲಿ ಒಂದೊಂದು ಪೆಟ್ಟನ್ನೂ ಕಿವಿಯು ಬಿಡಿಸಿ ಹಿಡಿಯಬಲ್ಲದು. ಆಲ್ಬಿಸಿಲ್ಲದ ಸದ್ದು, ಬಾಚಣಿಗೆಯ ಹಲ್ಲುಗಳ ಮೇಲೆ ಉಗುರನ್ನು ಬೇಗನೆ ಎಳೆದಂತೆ, ಒಣಗಿ ಒಂದಾಗಿ ಹರಿಯುವುದು.

ಗಂಡುಗಳಲ್ಲಿ ಮತ್ತೊಂದು ಗುರುತು ಇದೆ. ಆಲ್ಬಿಸಿಲ್ಲದ ಕೆಂಪು ಕೊರಳಿಗೆ ಮಾತ್ರ ಸೀಮಿತವಾಗಿದ್ದು, ಅದರ ಕೆಳಗೆ ಬೂದಿಬಣ್ಣದ ಪಟ್ಟಿಯೊಂದು ಅಡ್ಡಗಟ್ಟುತ್ತದೆ. ಅಲ್ಲದೆ ಗೂಡಿನ ಕಾಲವು ಮುಗಿದಮೇಲೆ ಗರಿ ಉದುರಿಸುವಾಗ ಆ ಗಂಡು ಕೆಂಪನ್ನು ಕಳೆದುಕೊಂಡು, ಮುಂದಿನ ವಸಂತದ ಹೊತ್ತಿಗೆ ಮರಳಿ ಪಡೆಯುತ್ತದೆ. ಪಾರ್ವದ ಮುದಿಗಂಡು ವರ್ಷವೆಲ್ಲ ಅದನ್ನು ಉಳಿಸಿಕೊಂಡಿರುವುದು. ಆದುದರಿಂದ ಡಿಸೆಂಬರ್ ತಿಂಗಳಲ್ಲಿ ಕೊರಳು ಕೆಂಪಾಗಿ ಕಂಡರೆ ಅದು ಆಲ್ಬಿಸಿಲ್ಲವಾಗಿರುವ ಸಂಭವವು ಬಹಳ ಕಡಮೆ; ಮಾರ್ಚಿಯಲ್ಲಿ ಕಂಡರೆ ಹಾಗೆ ಹೇಳಲಾಗದು. ಒಂದೇ ವರ್ಣವು ಋತುಭೇದದಿಂದ ಬೇರೆ ಬೇರೆ ಸಾಕ್ಷ್ಯವನ್ನು ಕೊಡುವುದರಿಂದ, ನೋಡಿದ ದಿನವನ್ನು ಬರೆಯದ ಟಿಪ್ಪಣಿಯು ಅರ್ಧ ಟಿಪ್ಪಣಿ.

ಉಳಿದುದು ಕಾಶ್ಮೀರದ ನೊಣಹಿಡುಕ. ಇದರ ಇಂದಿನ ಲ್ಯಾಟಿನ್ ಹೆಸರು ‘ಫಿಸೆಡುಲ ಸಬ್ರೂಬ್ರ’. ೧೯೩೪ರಲ್ಲಿ ಹಾರ್ಟರ್ಟ್ ಮತ್ತು ಸ್ಟೈನ್‌ಬಾಖರ್ ಎಂಬ ಇಬ್ಬರು ಜರ್ಮನ್ ವಿದ್ವಾಂಸರು ಕೊಟ್ಟುದು. ಇದು ಗೂಡುಕಟ್ಟುವ ಪ್ರದೇಶವು ಬಹಳ ಸಂಕುಚಿತ: ಕಾಶ್ಮೀರದ ಪೀರ್ ಪಂಜಾಲ್ ಶ್ರೇಣಿ ಮತ್ತು ಅದರ ನೆರೆಯ ಕೆಲವು ಕಣಿವೆಗಳು. ಅಲ್ಲಿ ಸುಮಾರು ೬,೦೦೦ದಿಂದ ೭,೫೦೦ ಅಡಿ ಎತ್ತರದಲ್ಲಿ ಅಕ್ರೋಟು ಮೊದಲಾದ ಎಲೆಯುದುರುವ ಮರಗಳ ಮಿಶ್ರಾರಣ್ಯವೇ ಇದರ ಮನೆ. ಚಳಿಗಾಲಕ್ಕೆ ಭರತಖಂಡದ ಉದ್ದವನ್ನೆಲ್ಲ ದಾಟಿ, ಸಿಂಹಳದ್ವೀಪದ ಬೆಟ್ಟದ ಸೀಮೆಯನ್ನು ಸೇರುವುದು. ಅಲ್ಲಿನ ನುವರ ಎಲಿಯ ಪಟ್ಟಣದ ಉದ್ಯಾನದಲ್ಲಿ ಇದನ್ನು ನೋಡುವುದಕ್ಕೆಂದೇ ಜನರು ಹೋಗುವರು. ನೀಲಗಿರಿಯ ಉದಕಮಂಡಲದ ಸುತ್ತಲೂ ಇದು ಚಳಿಗಾಲವನ್ನು ಕಳೆಯುವುದುಂಟು. ಹೊರಡುವ ಕಾಲವು ಮಾರ್ಚಿಯ ಕಡೆ. ತೌರಿಗೂ ಬೀಡಿಗೂ ನಡುವಣ ದಾರಿಯಲ್ಲಿ ಕಂಡ ದಾಖಲೆಗಳು ವಿರಳವಾಗಿ ಅಲ್ಲಲ್ಲಿ ಚೆದರಿವೆ. ಕನ್ನಡನಾಡು ಆ ದಾರಿಗೆ ಹೊರತಾದ ಸೀಮೆಯಲ್ಲ.

ಗಂಡಿನ ಗುರುತು ಹೀಗಿದೆ. ಕೆಂಪು ಪಾರ್ವದ್ದಕ್ಕಿಂತ ಗಾಢ, ವಿಸ್ತಾರದಲ್ಲಿಯೂ ಹೆಚ್ಚು. ಕೊರಳಿನಿಂದ ಎದೆಯನ್ನೆಲ್ಲ ವ್ಯಾಪಿಸಿ ಪಕ್ಕೆಗಳ ಕಡೆಗೂ ಇಳಿಯುತ್ತದೆ. ಮುಖ್ಯವಾದುದೇನೆಂದರೆ, ಆ ಕೆಂಪಿನ ಎರಡು ಅಂಚುಗಳಲ್ಲಿಯೂ ಕತ್ತಿನ ಪಕ್ಕದಿಂದ ಎದೆಯ ಪಕ್ಕದವರೆಗೆ ಕಪ್ಪಾದ ಗೆರೆಯು ಕಟ್ಟು ಹಾಕಿದಂತೆ ಇಳಿದಿರುತ್ತದೆ. ಪಾರ್ವದ ಮುದಿಗಂಡಿನ ಕೆಂಪು ಎಷ್ಟೇ ಕೆಳಗೆ ಹಬ್ಬಿದ್ದರೂ ಈ ಕರಿಯ ಕಟ್ಟು ಅದಕ್ಕಿಲ್ಲ. ಕೆನ್ನೆಯ ಬೂದಿಬಣ್ಣವನ್ನು ಕಂಡು ಕರಿಯ ಕಟ್ಟೆಂದು ಭ್ರಮಿಸುವ ಸಂಭವ ಮಾತ್ರ ಇದೆ. ಬೂದಿಯು ಕೆನ್ನೆಯಲ್ಲಿಯೇ ನಿಲ್ಲುವುದು, ಕಟ್ಟು ಎದೆಗೆ ಇಳಿಯುವುದು. ಹೆಣ್ಣಿನ ವಿಷಯದಲ್ಲಿ ಇಷ್ಟು ಧೈರ್ಯ ಸಲ್ಲದು. ಕಾಶ್ಮೀರದ ಕೆಲವು ಹೆಣ್ಣುಗಳ ಕೊರಳಿನಲ್ಲಿಯೂ ಎದೆಯಲ್ಲಿಯೂ ಮಸುಕಾದ ಕೆಂಪಿನ ಛಾಯೆಯಿರುವುದು, ಕೆಲವಕ್ಕೆ ಇರುವುದಿಲ್ಲ. ಒಂಟಿ ಹೆಣ್ಣೊಂದನ್ನು ಕಂಡು, ಛಾಯಾಚಿತ್ರವೂ ಇಲ್ಲದೆ, ಇದು ಕಾಶ್ಮೀರದ್ದೆಂದು ಸಾರುವುದು ಸಾಹಸವೇ ಸರಿ.

ಈ ಎಚ್ಚರವು ಕೇವಲ ಪಾಂಡಿತ್ಯದ ಹಟವಲ್ಲ. ಪ್ರಪಂಚದಲ್ಲಿರುವ ಕಾಶ್ಮೀರದ ನೊಣಹಿಡುಕಗಳಲ್ಲಿ ವಯಸ್ಸಿಗೆ ಬಂದವು ಹತ್ತುಸಾವಿರಕ್ಕೂ ಕಡಮೆಯೆಂದು ಅಂದಾಜು. ಅಂತರರಾಷ್ಟ್ರೀಯ ಪ್ರಕೃತಿಸಂರಕ್ಷಣ ಸಂಘದ ಕೆಂಪುಪಟ್ಟಿಯಲ್ಲಿ ಇದಕ್ಕೆ ಅಪಾಯಕ್ಕೊಳಗಾಗಬಲ್ಲ ಜಾತಿಗಳ ನಡುವೆ ಸ್ಥಾನವಾಗಿದೆ. ತೌರಿನ ಮಿಶ್ರಾರಣ್ಯವು ಬೇಸಾಯಕ್ಕಾಗಿಯೂ ಮರಮುಟ್ಟಿಗಾಗಿಯೂ ದನಕುರಿಗಳ ಮೇವಿಗಾಗಿಯೂ ಕ್ಷೀಣಿಸುತ್ತ ಬಂದುದು ಇದಕ್ಕೆ ಮುಖ್ಯ ಕಾರಣ. ಇಂಥ ಹಕ್ಕಿಯ ಚಳಿಗಾಲದ ಬೀಡುಗಳು ಎಲ್ಲೆಲ್ಲಿವೆಯೆಂಬ ಜ್ಞಾನಕ್ಕೆ, ಅಲ್ಲಲ್ಲಿ ನೋಡಿದವರ ಟಿಪ್ಪಣಿಗಳಲ್ಲದೆ ಬೇರೆ ಆಧಾರ ಕಡಮೆ. ಗಾಢಕೆಂಪಿನ ಪಾರ್ವವೊಂದನ್ನು ಕಂಡು ಕಾಶ್ಮೀರದ್ದೆಂದು ಬರೆದರೆ, ಇಲ್ಲದ ಬೀಡೊಂದು ಭೂಪಟದಲ್ಲಿ ಹುಟ್ಟಿಕೊಳ್ಳುತ್ತದೆ. ಹಕ್ಕಿಯು ವಿಸ್ತಾರವಾದ ಪ್ರದೇಶದಲ್ಲಿ ಸುಖವಾಗಿದೆಯೆಂದು ಆಡಳಿತಗಾರರು ತಿಳಿದು ಸುಮ್ಮನಾಗುತ್ತಾರೆ. ನಿಜವಾದ ಕಾಶ್ಮೀರದ ಹಕ್ಕಿಯನ್ನು ಕಂಡೂ ದಿನವೂ ಕಾಣುವ ಕೆಂಗೊರಳೆಂದು ಉಪೇಕ್ಷಿಸಿದರೆ, ಇರುವ ಬೀಡು ಗೊತ್ತಾಗದೆ ಕಡಿದುಹೋಗಬಹುದು. ಈ ಎರಡರಲ್ಲಿ ಎರಡನೆಯದು ಹೆಚ್ಚು ಹಾನಿಕರ. ಏಕೆಂದರೆ ತಪ್ಪಾಗಿ ಬರೆದುದನ್ನು ಇನ್ನೊಬ್ಬರು ಹೋಗಿ ಪರೀಕ್ಷಿಸಬಹುದು, ಬರೆಯದೆ ಬಿಟ್ಟುದನ್ನು ಪರೀಕ್ಷಿಸುವವರಾರು?

ಆದುದರಿಂದ ಸಹ್ಯಾದ್ರಿಯ ಎತ್ತರದ ಕಾಡುಗಳಲ್ಲಿ, ಕಾಫಿತೋಟಗಳಲ್ಲಿ, ಕೊಡಗು ಚಿಕ್ಕಮಗಳೂರು ಸೀಮೆಯ ಬೆಟ್ಟಗಳಲ್ಲಿ ಅಕ್ಟೋಬರಿನಿಂದ ಮಾರ್ಚಿಯವರೆಗೆ ಸಂಚರಿಸುವವರು, ಬಿಳಿಕಿಟಕಿಯ ಬಾಲವನ್ನು ಕಂಡ ಪ್ರತಿಯೊಂದು ಸಲವೂ ಎದೆಯ ಅಂಚನ್ನು ನೋಡುವುದನ್ನು ಅಭ್ಯಾಸಮಾಡಿಕೊಳ್ಳತಕ್ಕುದು. ಟಿಪ್ಪಣಿಯಲ್ಲಿ ದಿನ, ಹೊತ್ತು, ಸ್ಥಳ, ಎತ್ತರ, ಬೆಳಕಿನ ದಿಕ್ಕು, ಬಾಲದ ಬುಡದ ಬಣ್ಣ, ಕೊಕ್ಕಿನ ಕೆಳದಳ, ಕೇಳಿದ ಸದ್ದು ಇಷ್ಟೂ ಇರಬೇಕು. ಕೊರಳ ಬಣ್ಣವು ಇದ್ದರೆ ಒಳ್ಳೆಯದು. ನೋಡಲಾಗದುದನ್ನು ‘ನೋಡಲಾಗಲಿಲ್ಲ’ ಎಂದೇ ಬರೆಯಬೇಕು. ಹೆಣ್ಣೋ ಎಳೆಯದೋ ಆಗಿದ್ದು, ಹಿಂಬದಿಯೂ ಸರಿಯಾಗಿ ಕಾಣದೆ, ಸದ್ದನ್ನೂ ಮಾಡದೆ ಹಾರಿಹೋದ ಹಕ್ಕಿಯನ್ನು ಪಾರ್ವವೆಂದು ಬರೆಯುವ ಬದಲು ‘ಪಾರ್ವ ಅಥವಾ ಆಲ್ಬಿಸಿಲ್ಲ’ ಎಂದು ಜೋಡಿಯಾಗಿ ಬರೆಯುವುದಕ್ಕೆ ಈಗಿನ ಪಕ್ಷಿಗಣನೆಯ ಪಟ್ಟಿಗಳಲ್ಲಿ ಅವಕಾಶವುಂಟು. ಆ ಸಾಲನ್ನು ಬಳಸುವುದಕ್ಕೆ ಸಂಕೋಚಪಡಬೇಕಾದುದಿಲ್ಲ. ಮರುದಿನ ಬೆಳಗ್ಗೆ ಅದೇ ಮರದ ಕ��ಳಗೆ ಹೋಗಿ ನಿಂತರೆ, ಹಕ್ಕಿಯು ಬಹುಶಃ ಅಲ್ಲಿಯೇ ಇರುವುದು.